ಎವೊರಾದ ಕಂಬಗಳು, ಹಿಂದಿನ ದಿನದ ಬ್ರೆಡ್ಡು

ವಾಸ್ಕೊದ ನಮ್ಮ ಓಣಿಗೆ ಬೆಳಗಿನ ಆರೂವರೆಗೆ ಸೈಕಲ್ಲಿನ ಹಾರ್ನ್ ಒತ್ತುತ್ತ ಬರುವ ಬ್ರೆಡ್ಡು ಮಾರುವ ಪೊದೇರನ ಬುಟ್ಟಿಯಿಂದ ಪಾವ್ ಕೊಳ್ಳಲು ಆರಂಭಿಸಿ ನನಗೆ ಹತ್ತೊಂಬತ್ತು ವರ್ಷಗಳಾದವು. ಮದುವೆಯಾಗಿ ಧಾರವಾಡದಿಂದ ಗೋವೆಗೆ ಬಂದ ಮೊದಲ ವಾರವೇ, ‘ಪಾವ್’, ‘ಪೊದೇರ್’ ಎರಡೂ ಪೋರ್ಚುಗೀಸರು ಬಿಟ್ಟುಹೋದ ಮಾತುಗಳೆಂದು ನೆರೆಮನೆಯ ಹಿರಿಯರು ತಿಳಿಸಿದ್ದರು. ಆ ಮಾತುಗಳ ಮೂಲನೆಲವನ್ನು ನೋಡಬೇಕೆಂಬ ಆಸೆ ಕಳೆದ ಅಕ್ಟೋಬರಿನಲ್ಲಿ ಕೈಗೂಡಿತು. ಲಿಸ್ಬನ್ ನಗರದ ವಿಷಯವನ್ನು ಇನ್ನೊಮ್ಮೆ ಬರೆಯುತ್ತೇನೆ. ಅಲ್ಲಿಂದ ಸುಮಾರು 130 ಕಿಲೋಮೀಟರ್ ದೂರದ ಎವೊರಾದಲ್ಲಿ ನಾವಿಬ್ಬರೂ ಕಳೆದ ಒಂದು ದಿನವೇ ನನ್ನ ಮನಸ್ಸಿನಲ್ಲಿ ಹೆಚ್ಚು ಗಟ್ಟಿಯಾಗಿ ಕುಳಿತಿದೆ.

ರೈಲು ಒಂದೂವರೆ ಗಂಟೆಯಲ್ಲಿ ಮುಟ್ಟಿಸಿತು. ದಾರಿಯುದ್ದಕ್ಕೂ ಬಾಟಲಿಯ ಬಿರಡೆಗೆ ಬಳಸುವ ಕಾರ್ಕ್ ಮರಗಳು, ತೊಗಟೆ ಸುಲಿದ ಕಡೆ ಕೆಂಪಾಗಿ ನಿಂತಿದ್ದವು.

ಊರಿನ ನೆತ್ತಿಯ ಮೇಲಿರುವ ರೋಮನ್ ಗುಡಿ ಕ್ರಿಸ್ತಶಕ 1ನೆಯ ಶತಮಾನದ್ದು. ಎತ್ತರದ ಜಗತಿಯ ಮೇಲೆ ಈಗ 14 ಕಂಬಗಳು ಉಳಿದಿವೆ. ಹತ್ತಿರ ನಿಂತು ನೋಡಿದರೆ ಕಂಬದ ಮೈ ಬೂದುಬಣ್ಣದ ಒರಟು ಗ್ರಾನೈಟ್. ಮೇಲಿನ ಬೋದಿಗೆ ಮಾತ್ರ ಎಸ್ತ್ರೆಮೋಜ್ ಕಡೆಯ ಬಿಳಿಯ ಅಮೃತಶಿಲೆ, ಅದರಲ್ಲಿ ಎಲೆಗಳ ಅಂಚು ಮಡಿಚಿಕೊಂಡಂತೆ ಕೆತ್ತಿದ್ದಾರೆ. ಊರಿನವರು ಇದನ್ನು ಡಯಾನಾ ದೇವಿಯ ಗುಡಿ ಎಂದು ಕರೆಯುತ್ತಾರೆ. ಆದರೆ ಆ ಹೆಸರು ಹುಟ್ಟಿದ್ದು 17ನೆಯ ಶತಮಾನದಲ್ಲಿ. ಗುಡಿಯನ್ನು ಕಟ್ಟಿದ್ದು ಬಹುಶಃ ರೋಮನ್ ಚಕ್ರವರ್ತಿಯ ಆರಾಧನೆಗಾಗಿ ಎಂಬುದು ವಿದ್ವಾಂಸರ ಅಭಿಪ್ರಾಯ. ಐಹೊಳೆಯ ದುರ್ಗದ ಗುಡಿಯನ್ನು ದುರ್ಗೆಯ ಗುಡಿಯೆಂದು ತಿಳಿದು ಕೈಮುಗಿದು ಬಂದವರು ನಮ್ಮಲ್ಲೂ ಎಷ್ಟು ಜನರಿಲ್ಲ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಮಧ್ಯಯುಗದಲ್ಲಿ ಈ ಕಂಬಗಳ ನಡುವಿನ ಜಾಗವನ್ನು ಗೋಡೆಯಿಂದ ಮುಚ್ಚಲಾಗಿತ್ತು, ಮತ್ತು 1836ರವರೆಗೆ ಈ ಕಟ್ಟಡ ಊರಿನ ಕಸಾಯಿಖಾನೆಯಾಗಿತ್ತು. ಆ ಗೋಡೆಗಳನ್ನು ಕೆಡವಿ ಕಂಬಗಳನ್ನು ಬಿಡಿಸಿದ್ದು 1870ರ ದಶಕದಲ್ಲಿ. ಕೇಳಿದ ಕೂಡಲೇ ಮನಸ್ಸಿಗೆ ಕಸಿವಿಸಿಯಾಯಿತು. ಆಮೇಲೆ ಹಳೇ ಗೋವೆಯ ಸಂತ ಆಗಸ್ಟೀನರ ಚರ್ಚು ನೆನಪಾಯಿತು: ಸರಿಸುಮಾರು ಅದೇ ಹೊತ್ತಿಗೆ, 1835ರಲ್ಲಿ, ಅದನ್ನು ಬಿಟ್ಟು ಹೋದರು, 1842ರಲ್ಲಿ ಅದರ ಕಮಾನುಚಾವಣಿ ಕುಸಿಯಿತು, ಇಂದು ಅರ್ಧ ಗೋಪುರ ಮಾತ್ರ ನಿಂತಿದೆ. ಎವೊರಾದ ಕಂಬಗಳನ್ನು ಉಳಿಸಿದ್ದು ಅವುಗಳ ನಡುವೆ ನಿತ್ಯದ ಕೆಲಸ ನಡೆಯುತ್ತಿದ್ದುದೇ ಎಂದು ನಾನು ನಂಬುತ್ತೇನೆ. ಲಾಡಖಾನ್ ವಾಸವಾಗಿದ್ದ ಐಹೊಳೆಯ ಗುಡಿಯೂ ಅವನ ಹೆಸರನ್ನೇ ಹೊತ್ತು ಇಂದಿಗೂ ನಿಂತಿದೆಯಲ್ಲವೇ?

ಇದೇ ಮಾತು ಆ ಊರಿನ ಪುರಸಭೆಯಲ್ಲೂ ನಿಜವೆನಿಸಿತು. ಜನರು ಕಾಗದಪತ್ರ ಹಿಡಿದು ಓಡಾಡುವ ಆ ಕಚೇರಿಯ ಹಿಂಭಾಗದಲ್ಲಿಯೇ 1987ರಲ್ಲಿ ಪತ್ತೆಯಾದ ರೋಮನ್ ಸ್ನಾನಗೃಹವಿದೆ. ಸುಮಾರು ಒಂಬತ್ತು ಮೀಟರ್ ಅಗಲದ, ದುಂಡನೆಯ ಉಗಿಸ್ನಾನದ ಕೋಣೆಯನ್ನು ಅಡ್ಡಗಂಬಿಗೆ ಒರಗಿ ನೋಡಬಹುದು. ಟಿಕೆಟಿಲ್ಲ. 1530ರ ದಶಕದ ನೀರುಕಾಲುವೆಯ ಕಮಾನುಗಳೊಳಗೆ ಜನ ಮನೆ ಕಟ್ಟಿಕೊಂಡು ಬಾಳುತ್ತಿರುವುದನ್ನೂ ನೋಡಿದೆವು, ಅದು ರೋಮನ್ನರದ್ದಲ್ಲವಾದರೂ.

ಮಧ್ಯಾಹ್ನ ಒಂದು ಗಲ್ಲಿಯ ಚಿಕ್ಕ ಖಾನಾವಳಿಯಲ್ಲಿ ‘ಅಸೋರ್ದ’ ಎಂಬ ಬ್ರೆಡ್ಡಿನ ಊಟ ಕೇಳಿದೆವು. ಮೀನು ಬೇಡವೆಂದು ಸನ್ನೆ ಮಾಡಿದ್ದಕ್ಕೆ ಅಡುಗೆಯ ಅಜ್ಜಿ ನಗುತ್ತ ನನ್ನನ್ನು ಒಳಗೆ ಕರೆದು ತೋರಿಸಿದರು. ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ, ಹರಳುಪ್ಪು, ಕೈತುಂಬ ಕೊತ್ತಂಬರಿ ಸೊಪ್ಪು ಹಾಕಿ ಜಜ್ಜಿದರು. ಅದರ ಮೇಲೆ ಧಾರಾಳವಾಗಿ ಆಲಿವ್ ಎಣ್ಣೆ ಸುರಿದು, ಮೊಟ್ಟೆ ಒಡೆದು ಬೇಯಿಸಿದ ಕುದಿನೀರನ್ನೇ ಎರೆದು, ಹಿಂದಿನ ದಿನದ ಗಟ್ಟಿ ಬ್ರೆಡ್ಡನ್ನು ಕೈಯಿಂದಲೇ ಮುರಿದು ಹಾಕಿ, ಮೇಲೆ ಆ ಮೊಟ್ಟೆ ಇಟ್ಟರು. ಬಿಸಿನೀರು ಬಿದ್ದೊಡನೆ ಎದ್ದ ಹಸಿಬೆಳ್ಳುಳ್ಳಿಯ ಘಮಕ್ಕೆ ನನ್ನ ಕಣ್ಣು ತುಂಬಿತು. ನಮ್ಮ ಅವ್ವ ಒರಳಿನಲ್ಲಿ ಬಿಸಿ ಜೋಳದ ರೊಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಮುಟಗಿ ಕುಟ್ಟುವಾಗ ಅಡುಗೆಮನೆಯಲ್ಲಿ ಏಳುತ್ತಿದ್ದ ಘಮವೂ ಇದೇ.

ನಮ್ಮ ಮನೆಯವರು ಮೊದಲ ಚಮಚ ಬಾಯಿಗಿಟ್ಟು, “ಇದು ನೀರಾಗಿನ ಮುಟಗಿನೇ ನೋಡು” ಎಂದರು. ಬಡವರ ಊಟವಿದು, ಎವೊರಾ ಇರುವ ಗೋಧಿಯ ಸೀಮೆಯಾದ ಅಲೆಂತೇಜುವಿನಲ್ಲಿ ಬ್ರೆಡ್ಡಿನ ಚೂರನ್ನೂ ಎಸೆಯಬಾರದೆಂದು ಕಂಡುಕೊಂಡ ದಾರಿ. ಸಂಜೆ ರೈಲಿಗೆ ಮುಂಚೆ ತಿಂದ, ಕುರಿಹಾಲಿನ ಚೀಸ್ ತುಂಬಿದ ಕೆಯ್‌ಜಾದಾ ಎಂಬ ಸಿಹಿತಿನಿಸು ರುಚಿಯಾಗಿತ್ತು, ಆದರೆ ನಾಲಗೆಯಲ್ಲಿ ಉಳಿದದ್ದು ಮಧ್ಯಾಹ್ನದ ಬೆಳ್ಳುಳ್ಳಿಯೇ.

ವಾಸ್ಕೊಗೆ ಮರಳಿದ ಮೂರನೆಯ ದಿನ, ಬುಟ್ಟಿಯಲ್ಲಿ ಉಳಿದು ಗಟ್ಟಿಯಾಗಿದ್ದ ಪೊಯ್‌ಗಳನ್ನು, ಅಂದರೆ ಗೋವೆಯ ದುಂಡು ಬ್ರೆಡ್ಡುಗಳನ್ನು, ಮುರಿದು ಅಸೋರ್ದ ಮಾಡಿದೆ. ಆಲಿವ್ ಎಣ್ಣೆಯ ಬದಲು ಊರಿನಿಂದ ತಂದ ಶೇಂಗಾ ಎಣ್ಣೆ ಹಾಕಿದೆ, ಬೆಳ್ಳುಳ್ಳಿಯ ಜೊತೆಗೆ ಎರಡು ಹಸಿಮೆಣಸಿನಕಾಯಿ ಜಜ್ಜಿದೆ. ಮೆಣಸಿನಕಾಯಿಯನ್ನು ನಮ್ಮ ನೆಲಕ್ಕೆ ತಂದವರೂ ಪೋರ್ಚುಗೀಸರೇ; ಆ ಅಜ್ಜಿಯ ಬಟ್ಟಲಲ್ಲಿ ಮಾತ್ರ ಅದು ಇರಲಿಲ್ಲ. ಮನೆಯವರು ಎರಡನೆಯ ಸಲವೂ ಬಡಿಸಿಕೊಂಡರು.