ಚೆನ್ನಾಗಿ ಕಾಣೋ ಹೆಡ್ ಬೋಲ್ಟು

ಸಕಲೇಶಪುರದ ನಮ್ಮ ಮೇಸ್ತ್ರಿ ಕೆಲಸ ಕಲಿತಿದ್ದು ಅಂಬಾಸಿಡರ್, ಜೀಪುಗಳ ಮೇಲೆ. ಅವರ ಲೆಕ್ಕದಲ್ಲಿ ತುಕ್ಕು ತಿನ್ನದ, ಥ್ರೆಡ್ ಹೋಗದ ಹೆಡ್ ಬೋಲ್ಟನ್ನು, ಅಂದರೆ ಇಂಜಿನ್ನಿನ ಮೇಲ್ಭಾಗದ ಹೆಡ್ಡನ್ನು ಕೆಳಗಿನ ಬ್ಲಾಕಿಗೆ ಬಿಗಿಯುವ ಬೋಲ್ಟನ್ನು, ಎಸೆಯೋದು ದುಡ್ಡಿನ ಸೊಕ್ಕು. ನಾನು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳೋದಿಲ್ಲ. ಅಂಬಾಸಿಡರ್‌ನ ಹೆಡ್ಡಿಗೆ ದಪ್ಪನೆಯ ಸ್ಟಡ್ಡು (ತಲೆಯಿಲ್ಲದ ಬೋಲ್ಟು), ಅದರ ಮೇಲೆ ನಟ್ಟು. ಬಿಚ್ಚಿ, ಒರೆಸಿ, ಮತ್ತೆ ಬಿಗಿದು, ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ಟೈಟ್ ನೋಡಿದರೆ ವರ್ಷಗಟ್ಟಲೆ ನಡೆಯುತ್ತಿತ್ತು. ನಮ್ಮನೆಯ ಹಳೇ ಓಮ್ನಿಗೆ ಅವರೇ ಹಳೇ ಬೋಲ್ಟುಗಳನ್ನೇ ಹಾಕಿ ಹೆಡ್ ಕೂರಿಸಿದ್ದರು, ಇವತ್ತಿಗೂ ಕಾಫಿ ಮೂಟೆ ಹೊರುತ್ತಿದೆ.

ಆದರೆ ಈ ಸಲ ಅವರ ಮುಂದೆ ನಿಂತಿದ್ದು ನಾನು ಸೆಕೆಂಡ್ ಹ್ಯಾಂಡ್ ತಗೊಂಡ ಸ್ವಿಫ್ಟ್ ಡೀಸೆಲ್. ಇಲಿ ಕಡಿದ ಹೋಸಿನಲ್ಲಿ ಕೂಲಂಟ್ ಸೋರಿ, ನಮ್ಮ ಭಾವಮೈದ ಶಿರಾಡಿ ಘಾಟಿ ಹತ್ತಿಸುವಾಗ ಬಿಸಿಯಾಗಿ, ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂತು ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳೋದು ನೋಡಿದರೆ ಬೇರೆ ಪರೀಕ್ಷೆಯೇ ಬೇಡ. ಹೆಡ್ ಇಳಿಸಿ, ಅದನ್ನು ಹಾಸನದ ಲೇತಿಗೆ ಕಳಿಸಿದ್ದಾಯ್ತು. ಬೋಲ್ಟುಗಳನ್ನು ಡೀಸೆಲ್‌ನಲ್ಲಿ ತೊಳೆದು ಸಾಲಾಗಿಟ್ಟು ಮೇಸ್ತ್ರಿ ಕರೆದರು.

"ನೋಡಿ ಸಾರ್, ಎಷ್ಟು ಚೆನ್ನಾಗೈತೆ. ಇನ್ನೂ ಎರಡು ಸಲ ಹಾಕ್ಬೋದು."

ನಿಜಕ್ಕೂ ಚೆನ್ನಾಗೇ ಇದ್ದವು. ಕನ್ನಡಿ ತುಂಡಿನ ಮೇಲೆ ನಿಲ್ಲಿಸಿ ಉದ್ದ ಹೋಲಿಸಿದೆ, ದಪ್ಪ ಅಳೆಯಲು ವರ್ನಿಯರ್ ಹಿಡಿದೆ. ನಡುವೆ ಸಣ್ಣಗಾಗಿದ್ದು ಕಾಣಲಿಲ್ಲ. ಹೀಗಿದ್ದೂ ಹೊಸದೇ ಬೇಕು ಅಂದೆ, ಮೇಸ್ತ್ರಿಯ ಮುಖ ಸಣ್ಣದಾಯ್ತು.

ವಿಷಯ ಇರೋದು ಬೋಲ್ಟಿನ ಅಂದದಲ್ಲಲ್ಲ, ಅದನ್ನು ಬಿಗಿಯುವ ಕ್ರಮದಲ್ಲಿ. ಓಮ್ನಿಗೆ ಇಷ್ಟು ಟಾರ್ಕ್ (ತಿರುಗಿಸುವ ಬಲ) ಅಂತ ಕೊಟ್ಟರೆ ಮುಗಿಯಿತು. ಸ್ವಿಫ್ಟಿನ ಈ 1248 ಸಿಸಿ ಮಲ್ಟಿಜೆಟ್ ಇಂಜಿನ್ನಿಗೆ 40 ನ್ಯೂಟನ್ ಮೀಟರ್ ಕೊಟ್ಟು, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ತಿರುಗಿಸಬೇಕು. ಡಿಗ್ರಿ ಯಾಕೆ? ಬೋಲ್ಟಿಗೆ ನಾವು ಕೊಡುವ ಟಾರ್ಕಿನಲ್ಲಿ ಸುಮಾರು ಶೇ. 90ರಷ್ಟನ್ನು ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಯೇ ತಿಂದುಬಿಡುತ್ತದೆ. ಹೆಡ್ಡನ್ನು ಅದುಮಿ ಹಿಡಿಯಲು ಉಳಿಯೋದು ಹತ್ತರಲ್ಲಿ ಒಂದು ಪಾಲು. ಒಂದು ತೂತಿನಲ್ಲಿ ಎಣ್ಣೆ, ಇನ್ನೊಂದರಲ್ಲಿ ಒಣ ಮಸಿ ಇದ್ದರೆ ಟಾರ್ಕ್ ಅಳೆಯುವ ರಿಂಚು ಅದೇ ಅಂಕಿ ತೋರಿಸಿದರೂ ಹಿಡಿತ ಬೇರೆ ಬೇರೆ. ಕೋನ ಅಳೆದು ತಿರುಗಿಸಿದಾಗ ಈ ಮೋಸ ಬಹಳ ಕಡಿಮೆ, ಬೋಲ್ಟು ತಿರುಗಿಸಿದಷ್ಟು ಎಳೆದುಕೊಳ್ಳುತ್ತದೆ.

ಹೀಗೆ ಎಳೆಯುವಾಗ ಉಕ್ಕು ತನ್ನ ಮೊದಲಿನ ಉದ್ದಕ್ಕೆ ಮರಳುವ ಹಂತ ದಾಟುತ್ತದೆ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಒಮ್ಮೆ ಜೋಲು ಬಿದ್ದ ಹಾಗೆ, ಸ್ವಲ್ಪ ಉದ್ದ ಅದರಲ್ಲೇ ಉಳಿಯುತ್ತದೆ. ಅದನ್ನೇ ಮತ್ತೆ 90, ಮತ್ತೆ 90 ಅಂತ ತಿರುಗಿಸಿದರೆ ಉಳಿದ ಶಕ್ತಿಯನ್ನೂ ಬಳಸಿಕೊಂಡ ಹಾಗಾಯ್ತು. ಹಿಡಿಯಬಹುದು, ಬಿಗಿಯುವಾಗಲೇ ಕತ್ತರಿಸಿಕೊಂಡು ಬ್ಲಾಕಿನೊಳಗೆ ತುಂಡು ಉಳಿಯಲೂಬಹುದು. ಎಲ್ಲ ಕಂಪನಿಗಳೂ ಎಸೆಯಿರಿ ಅನ್ನೋದಿಲ್ಲ. ಟೊಯೊಟಾದ ಹಲವು ಇಂಜಿನ್ನುಗಳಿಗೆ ಇಷ್ಟಕ್ಕಿಂತ ಸಣ್ಣಗಾಗಿದ್ದರೆ ಬದಲಿಸಿ ಅಂತ ವ್ಯಾಸದ ಮಿತಿ ಇದೆ. ಮಿತಿ ಕೊಟ್ಟಿದ್ದರೆ ಅಳೆದು ಹಾಕೋದರಲ್ಲಿ ತಪ್ಪೇನಿಲ್ಲ, ಕೊಡದೇ ಇದ್ದಲ್ಲಿ ನನ್ನ ವರ್ನಿಯರ್‌ಗೆ ಅರ್ಥವಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಪೂರ್ತಿ ಹೊಸ ಬೋಲ್ಟಿನ ಕಡೆಗೆ ತಳ್ಳಿತು. ಟೈಮಿಂಗ್ ಕವರ್ ತೆಗೆದಾಗ ಅಂಚಿನಲ್ಲಿ ಎರಡು ಬಣ್ಣದ ಸೀಲಂಟ್ (ಸೋರದಂತೆ ಹಚ್ಚುವ ಅಂಟು) ಇತ್ತು. ಅಂದರೆ ನನಗಿಂತ ಮೊದಲೇ ಯಾರೋ ಕೈ ಹಾಕಿದ್ದಾರೆ. ಹೆಡ್ಡನ್ನೂ ಇಳಿಸಿದ್ದರೋ, ಇದೇ ಬೋಲ್ಟನ್ನು ಆಗಲೇ ಒಮ್ಮೆ ಎಳೆದಿದ್ದರೋ, ಕೇಳೋದು ಯಾರನ್ನ?

ಮೇಸ್ತ್ರಿಗೆ ಇದನ್ನೆಲ್ಲ ಹೇಳಲಿಲ್ಲ, ಲೆಕ್ಕ ಮಾತ್ರ ಹೇಳಿದೆ. ಈ ಇಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 69.6 ಮಿ.ಮೀ. ಉರಿಯುವಾಗ ಒತ್ತಡ ಬರೀ 100 ಬಾರ್ ಅಂದುಕೊಂಡರೂ ಒಂದೊಂದು ಸಿಲಿಂಡರೂ ಹೆಡ್ಡನ್ನು ಹೆಚ್ಚುಕಡಿಮೆ ನಾಲ್ಕು ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಡೀಸೆಲ್‌ನಲ್ಲಿ ನಿಜವಾದ ಒತ್ತಡ ಅದಕ್ಕಿಂತ ಜಾಸ್ತಿ. ಗ್ಯಾಸ್ಕೆಟ್ ಮತ್ತೆ ಹೋದರೆ ಚೈನು, ಇಂಜೆಕ್ಟರು, ಟರ್ಬೊ ಪೈಪು ಎಲ್ಲ ಮತ್ತೆ ಬಿಚ್ಚಬೇಕು. "ಆ ಕೂಲಿ ನೀವು ಬಿಡ್ತೀರಾ ಮೇಸ್ತ್ರಿ?" ಅಂದೆ. ನಕ್ಕು, "ಹಾಸನಕ್ಕೆ ಫೋನ್ ಮಾಡಿ ಸಾರ್, ಬೋಲ್ಟು ಹೆಡ್ ಜೊತೆಗೇ ಬರ್ಲಿ" ಅಂದರು.

ಹೊಸ ಬೋಲ್ಟು ತಂದರೆ ಕೆಲಸ ಮುಗಿಯಿತು ಅಂತಲ್ಲ. ತೂತಿನ ತಳದಲ್ಲಿ ಎಣ್ಣೆಯೋ ಕೂಲಂಟೋ ನಿಂತಿದ್ದರೆ ಬೋಲ್ಟು ಅದರ ಮೇಲೇ ಕೂತು ಬ್ಲಾಕನ್ನೇ ಸೀಳಬಲ್ಲದು. ಕೊಟ್ಟಿಗೆಯಲ್ಲಿದ್ದ ದನದ ಇಂಜೆಕ್ಷನ್ ಸಿರಿಂಜಿನಿಂದ ಒಂದೊಂದರಿಂದಲೂ ಹೀರಿ ತೆಗೆದು, ಗಾಳಿ ಹೊಡೆದೆವು. ಥ್ರೆಡ್ಡಿಗೆ, ತಲೆಯಡಿಗೆ ತೆಳುವಾಗಿ ಇಂಜಿನ್ ಆಯಿಲ್. ನಡುವಿನಿಂದ ಹೊರಕ್ಕೆ, ಆ ಕಡೆ ಈ ಕಡೆ ಅಡ್ಡಕ್ಕೆ ಬಿಗಿಯುತ್ತಾ ಹೋದದ್ದು. ಆ್ಯಂಗಲ್ ಗೇಜ್ ಇರಲಿಲ್ಲ, ಮಗಳ ವೈಟ್ನರ್‌ನಿಂದ ಪ್ರತಿ ತಲೆಯ ಮೇಲೂ ಒಂದು ಚುಕ್ಕಿ ಇಟ್ಟೆ. ಎರಡನೇ ಸುತ್ತು ಮುಗಿದಾಗ ಎಲ್ಲ ಚುಕ್ಕಿಗಳೂ ಶುರುವಾದ ಜಾಗಕ್ಕೆ ಎದುರಾಗಿರಬೇಕು. ಒಂದು ಕಮ್ಮಿ ತಿರುಗಿದ್ದನ್ನು ಮೇಸ್ತ್ರಿಯೇ ಕಂಡುಹಿಡಿದರು.

ಮುಗಿದ ಮೇಲೆ ಅವರು ಹಳೇ ಬೋಲ್ಟುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದರು. ಯಾರದಾದರೂ ಗಾಡಿಗೆ ಬೇಕಾಗ್ತದೆ ಅಂತ. ಡಬ್ಬಿ ಸಮೇತ ಇಸಕೊಂಡು ಬಂದೆ. ನಾಲ್ಕನ್ನು ಪಂಪ್‌ಹೌಸಿನ ಗೋಡೆಗೆ ಹೊಡೆದು ಪೈಪು ತೂಗುಹಾಕಿದ್ದೇನೆ, ಮಿಕ್ಕದ್ದು ಗೇಟಿನ ವೆಲ್ಡಿಂಗಿಗೆ ಬರುವವನಿಗೆ ಕೊಡಬೇಕು.