ಮುಂಬೈ ಮನೆ ಬಿಡಿಸಿಕೊಳ್ಳುವ ಮುನ್ನ ಹುಡುಕಬೇಕಾದ ಕಾಗದ

ಊರಿನಿಂದ ನನಗೆ ವರ್ಷಕ್ಕೆ ಎರಡು ಮೂರು ಸಲವಾದರೂ ಒಂದೇ ಬಗೆಯ ಕರೆ ಬರುತ್ತದೆ. ಹೋಟೆಲ್ ನಡೆಸುತ್ತಿದ್ದ ದೊಡ್ಡಪ್ಪನೋ ಮಾವನೋ ಕೊಂಡಿಟ್ಟ ಮನೆಯೊಂದು ಮಾಟುಂಗದಲ್ಲೋ ಮುಲುಂಡಿನಲ್ಲೋ ಇರುತ್ತದೆ, ಒಳಗಿರುವವರು ಬಿಡಲೊಲ್ಲರು. ನಾನು ವಕೀಲನಲ್ಲ. ಡೊಂಬಿವಲಿಯ ನನ್ನದೇ ಫ್ಲ್ಯಾಟನ್ನು ಬಿಡಿಸಿಕೊಳ್ಳಲು ಅಲೆದಾಡಿದವನು ಅಷ್ಟೆ. ಮೊನ್ನೆ ಕುಂದಾಪುರದಿಂದ ಭಾವ ಕರೆ ಮಾಡಿದಾಗಲೂ, ಒಳಗಿರುವವರಿಗೆ ಕೊಟ್ಟ ಕಾಗದದಲ್ಲಿ ಏನೆಂದು ಬರೆದಿದೆ ಎಂದೇ ಮೊದಲು ಕೇಳಿದೆ.

ಊರಿನಲ್ಲಿ ನಾವು ಎಲ್ಲವನ್ನೂ ಬಾಡಿಗೆ ಎಂದೇ ಕರೆಯುತ್ತೇವೆ. ಇಲ್ಲಿ ಬಾಡಿಗೆದಾರ ಬೇರೆ, ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ, ಅಂದರೆ ಗೊತ್ತಾದ ಅವಧಿಗೆ ಇರಲು ಬರಿಯ ಅನುಮತಿ ಪಡೆದು, ಬಂದು ಕುಳಿತ ಲೈಸೆನ್ಸಿ ಬೇರೆ. 1947ರ ಹಳೆಯ ಬಾಂಬೆ ಬಾಡಿಗೆ ಕಾಯ್ದೆಗೆ ತಂದ ತಿದ್ದುಪಡಿಯಿಂದ, 1973ರ ಫೆಬ್ರವರಿ 1ರಂದು ಚಾಲ್ತಿಯ ಲೈಸೆನ್ಸ್ ಮೇಲೆ ಮನೆಯಲ್ಲಿದ್ದವರೆಲ್ಲ ಬಾಡಿಗೆದಾರರೆಂದೇ ಗಣಿತರಾದರು. ಹನ್ನೊಂದು ತಿಂಗಳಾಗುತ್ತಲೇ ಕರಾರು ಮುಗಿಸಿಬಿಡಬೇಕೆಂಬ ಇಲ್ಲಿನ ಹಿರಿಯ ಮಾಲೀಕರ ಆತಂಕಕ್ಕೆ ಆ ನೆನಪೂ ಒಂದು ಕಾರಣವಿರಬೇಕೆಂದು ನನಗೆ ಅನಿಸುತ್ತದೆ. ಈಗ ನಡೆಯುವುದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದು ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು.

ನನ್ನದು ಲೈಸೆನ್ಸಿನ ಪ್ರಕರಣವಾದ್ದರಿಂದ ದಾರಿ ಹತ್ತಿರವಿತ್ತು. ಅವಧಿ ಮುಗಿದೂ ಲೈಸೆನ್ಸಿ ಮನೆ ಬಿಡದಿದ್ದರೆ, ಕಾಯ್ದೆಯ 24ನೆಯ ಸೆಕ್ಷನ್ ಪ್ರಕಾರ ಮಾಲೀಕನು ಸಿವಿಲ್ ದಾವೆಗೆ ಹೋಗದೆ, ಇಂಥ ಅರ್ಜಿಗಳಿಗೆಂದು ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರಿಗೇ ಅರ್ಜಿ ಕೊಡಬಹುದು. ಸಮನ್ಸ್ ತಲುಪಿದ 30 ದಿನಗಳೊಳಗೆ ಎದುರು ಪಕ್ಷದವರು ವಾದಿಸಲು ಅನುಮತಿ ಕೇಳಬೇಕು. ಕೇಳದಿದ್ದರೆ ಮಾಲೀಕನ ಹೇಳಿಕೆಯನ್ನು ಒಪ್ಪಿಕೊಂಡಂತೆ. ಹೆಚ್ಚುವರಿಯಾಗಿ ಕುಳಿತಷ್ಟು ದಿನಕ್ಕೆ ಲೈಸೆನ್ಸ್ ಶುಲ್ಕದ ಇಮ್ಮಡಿ ದರದಲ್ಲಿ ನಷ್ಟ ಪರಿಹಾರ ತೆರಬೇಕು. ನನ್ನ ಲೈಸೆನ್ಸಿ ಸಮನ್ಸ್ ಬಂದ ವಾರದಲ್ಲೇ ಬೀಗದ ಕೈ ತಂದುಕೊಟ್ಟ. ಕರಾರು ನೋಂದಣಿಯಾಗಿರದಿದ್ದರೆ ಇಷ್ಟು ಸಲೀಸಾಗುತ್ತಿರಲಿಲ್ಲ. ನೋಂದಣಿ ಮಾಡಿಸುವ ಹೊಣೆಯನ್ನು 55ನೆಯ ಸೆಕ್ಷನ್ ಮಾಲೀಕನ ಮೇಲೆಯೇ ಹೊರಿಸಿದೆ; ತಪ್ಪಿದರೆ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ಅದಕ್ಕಿಂತ ದುಬಾರಿಯಾದದ್ದೆಂದರೆ, ಷರತ್ತುಗಳು ಹೀಗಿದ್ದವೆಂದು ಒಳಗಿರುವವನು ಹೇಳಿದ ಮಾತೇ, ಬೇರೆ ಪುರಾವೆ ಬರುವತನಕ, ನಿಲ್ಲುತ್ತದೆ.

ಆ ನಡುವೆ ನೀರು ನಿಲ್ಲಿಸಿ ಎಂದು ಸೊಸೈಟಿಯ ಒಬ್ಬ ಹಿರಿಯರು ನನಗೆ ಸಲಹೆ ಕೊಟ್ಟಿದ್ದರು. ನೀರು, ವಿದ್ಯುತ್ತಿನಂತಹ ಅಗತ್ಯ ಸೌಲಭ್ಯಗಳನ್ನು ತಡೆಯುವುದನ್ನು ಇದೇ ಕಾಯ್ದೆಯ 29ನೆಯ ಸೆಕ್ಷನ್ ನಿಷೇಧಿಸಿದೆ. ಬೀಗ ಒಡೆದು ಸಾಮಾನು ಹೊರಗಿಟ್ಟರಂತೂ, ಹೊರಬಿದ್ದವನು ಆರು ತಿಂಗಳೊಳಗೆ ದಾವೆ ಹೂಡಿ, ಒಡೆತನದ ಪ್ರಶ್ನೆಯೇ ಇಲ್ಲದೆ ಸ್ವಾಧೀನ ಮರಳಿ ಪಡೆಯಬಹುದು.

ಭಾವ ಕಳುಹಿಸಿದ ಫೋಟೋದಲ್ಲಿ ಇದ್ದದ್ದು ಹಳದಿ ಬಣ್ಣಕ್ಕೆ ತಿರುಗಿದ ಬಾಡಿಗೆ ರಸೀದಿಗಳು. ಅಂದರೆ ಒಳಗಿರುವವರು ಬಾಡಿಗೆದಾರರೇ. ದಾರಿ, ಮುಂಬೈಯ ಬಾಡಿಗೆ ವ್ಯಾಜ್ಯಗಳು ನಡೆಯುವ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನದು. ಬಾಡಿಗೆ ಬಾಕಿಯಿದ್ದರೆ ಲಿಖಿತ ನೋಟಿಸು ಕೊಟ್ಟು 90 ದಿನ ಕಾಯದೆ ದಾವೆ ಹೂಡುವಂತಿಲ್ಲ. ಹೂಡಿದ ಮೇಲೂ, ಸಮನ್ಸ್ ತಲುಪಿದ 90 ದಿನಗಳೊಳಗೆ ಬಾಕಿಯನ್ನು ಶೇ. 15ರ ಸರಳ ಬಡ್ಡಿ ಮತ್ತು ಖರ್ಚಿನೊಂದಿಗೆ ಕಟ್ಟಿ, ಮುಂದೆಯೂ ತಪ್ಪದೆ ಕಟ್ಟುತ್ತಾ ಬಂದರೆ ಆ ಕಾರಣಕ್ಕೆ ತೆರವಿನ ಆದೇಶ ಸಿಗದು. ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಎಬ್ಬಿಸಿದ್ದು, ಕಾನೂನುಬಾಹಿರವಾಗಿ ಒಳಬಾಡಿಗೆಗೆ ಕೊಟ್ಟದ್ದು, ನೆರೆಯವರಿಗೆ ಉಪದ್ರವ ಮಾಡಿದ್ದು, ದಾವೆಗೆ ಮುನ್ನ ಸತತ ಆರು ತಿಂಗಳು ಸಕಾರಣವಿಲ್ಲದೆ ಬಳಸದೆ ಬಿಟ್ಟದ್ದು, ಇಂಥವು 16ನೆಯ ಸೆಕ್ಷನ್ನಿನ ಕಾರಣಗಳು. ಭಾವನ ರಸೀದಿಯವರು ತಿಂಗಳ ಮೊದಲ ವಾರವೇ ಹಣ ಕಳುಹಿಸುವವರಾದ್ದರಿಂದ ಇವು ಯಾವುವೂ ಹೊಂದುವುದಿಲ್ಲ.

ಉಳಿದದ್ದು ಸ್ವಂತ ಅಗತ್ಯವೊಂದೇ. ಅದು ಪ್ರಾಮಾಣಿಕವೂ ಸಮಂಜಸವೂ ಆಗಿರಬೇಕು. ಜೊತೆಗೆ ತೆರವಿನಿಂದ ಬಾಡಿಗೆದಾರನಿಗೇ ಹೆಚ್ಚಿನ ಕಷ್ಟವಾಗುವಂತಿದ್ದರೆ ನ್ಯಾಯಾಲಯ ಡಿಕ್ರಿ ಕೊಡುವುದಿಲ್ಲ. ಬರುವ ಜೂನ್‌ನಲ್ಲಿ ಮಗಳು ಮುಂಬೈಯಲ್ಲಿ ಕೆಲಸಕ್ಕೆ ಸೇರುತ್ತಾಳೆಂದು ಭಾವ ಹೇಳಿದರು. ನೇಮಕಾತಿ ಪತ್ರವನ್ನೂ ರಸೀದಿಗಳ ಮೂಲ ಪ್ರತಿಗಳನ್ನೂ ತೆಗೆದುಕೊಂಡೇ ರೈಲು ಹತ್ತಿ ಎಂದೆ.