ಟಿಪಿಎಸ್ ಹೊಸದು, ಜರ್ಕ್ ಹಳೆಯದೇ

ಮೂರು ವಾರದ ಜಗಳ ನಿನ್ನೆ ಮುಗಿಯಿತು. ಕಳ್ಳ ಸಿಕ್ಕಿದ. ಆದರೆ ನಾನು ಹಿಡಿಯಲು ಹೊರಟಿದ್ದ ಕಳ್ಳ ಅವನಲ್ಲ.

ಕಾರು ಹಳೆಯದು. ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಕೇಬಲ್‌ನಿಂದ ತೆರೆಯುವಂಥದ್ದು. ಅದು ಎಷ್ಟು ತೆರೆದಿದೆ ಎಂದು ಎಂಜಿನ್ ಕಂಪ್ಯೂಟರಿಗೆ ವೋಲ್ಟೇಜಿನಲ್ಲಿ ಹೇಳುವ ಸೆನ್ಸರೇ ಟಿಪಿಎಸ್. ಇದರದ್ದು ಮೂರು ವೈರಿನ ಪೊಟೆನ್ಷಿಯೋಮೀಟರ್, ಕಾರ್ಬನ್ ಪಟ್ಟಿಯ ಮೇಲೆ ಒಂದು ಕಡ್ಡಿ ಜಾರುವ ರೆಸಿಸ್ಟರ್. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟುಕೊಂಡು ಒಂದೇ ವೇಗದಲ್ಲಿ ಹೋಗುವಾಗ ಬಿಕ್ಕಳಿಸುತ್ತಿತ್ತು. ಕಂಪ್ಯೂಟರ್ ಕೊಟ್ಟ ದೋಷದ ಕೋಡ್ ಪಿ0121, ಅಂದರೆ ಟಿಪಿಎಸ್ ಸಿಗ್ನಲ್ ಸರಿಯಿಲ್ಲ. ಸೆನ್ಸರ್ ಸಿಗ್ನಲ್‌ಗೆ ಅನಲಾಗ್ ಮೀಟರ್ ಹಾಕಿ ಥ್ರಾಟಲನ್ನು ನಿಧಾನವಾಗಿ ತೆರೆದೆ. ಮುಳ್ಳು ಒಂದು ಕಡೆ ಪಟ್ಟನೆ ಬಿದ್ದು ಎದ್ದಿತು. ಡಿಜಿಟಲ್ ಮೀಟರನ್ನು ಈ ಕೆಲಸಕ್ಕೆ ನಂಬಬೇಡಿ, ಅದು ನಂಬರ್ ಬದಲಿಸುವಷ್ಟರಲ್ಲಿ ವೋಲ್ಟೇಜ್ ಕುಸಿಯುವ ಆ ಗುಂಡಿ ದಾಟಿ ಆಗಿರುತ್ತದೆ.

ಬಿಚ್ಚುವುದಕ್ಕೆ ಎರಡೇ ಸ್ಕ್ರೂ. ಒಂದು ಮರ್ಯಾದೆಯಿಂದ ಬಂತು. ಇನ್ನೊಂದು ಅಲ್ಯೂಮಿನಿಯಂ ಬಾಡಿಗೆ ಕಚ್ಚಿಕೊಂಡು ಕೂತಿತ್ತು. ಸೋಲ್ಡರಿಂಗ್ ಐರನ್ ತುದಿಯನ್ನು ಅದರ ತಲೆ ಮೇಲೆ ಹತ್ತು ನಿಮಿಷ ಇಟ್ಟ ಮೇಲೆ ಒಳಗಿನ ಲಾಕ್ ಅಂಟು ಮೆತ್ತಗಾಗಿ ಕಿರ್ ಎಂದು ತಿರುಗಿತು. ಇಷ್ಟಕ್ಕೆ ಒಂದು ಭಾನುವಾರ ಹೋಯಿತು.

ಇನ್ನು ಬಿಡಿಭಾಗ ಕಳಿಸಿದ ಪುಣ್ಯಾತ್ಮರು. ‘ನಿಮ್ಮ ಮಾಡೆಲ್‌ಗೆ ನೂರಕ್ಕೆ ನೂರು ಹೊಂದುತ್ತದೆ’ ಎಂದಿದ್ದರು. ಹೊಂದಿತು ಕೂಡ. ತೂತು ಸರಿ, ಸಾಕೆಟ್ ಸರಿ. ಥ್ರಾಟಲ್ ಮುಚ್ಚಿದಾಗ 4.5 ವೋಲ್ಟ್, ಪೂರ್ತಿ ತೆರೆದಾಗ 0.5! ಇರಬೇಕಾದ್ದಕ್ಕೆ ಪೂರ್ತಿ ಉಲ್ಟಾ. ಒಳಗಿನ 5 ವೋಲ್ಟ್ ಮತ್ತು ಗ್ರೌಂಡ್ (ಮೈನಸ್ ಕಡೆ) ಅದಲುಬದಲು. ವಾಪಸ್ ತಗೊಳ್ಳಿ ಅಂದರೆ, ಸ್ಕ್ರೂ ಗುರುತು ಬಿದ್ದಿದೆ, ಆಗಲ್ಲ ಎಂದರು. ಬೇರೆ ಕಡೆಯಿಂದ ಇನ್ನೊಂದು ತರಿಸಿದೆ.

ಅದನ್ನು ಕೂರಿಸಿದೆ. ಬಿಕ್ಕಳಿಕೆ ಕಮ್ಮಿಯಾಯಿತು, ಹೋಗಲಿಲ್ಲ. ಐಡಲ್, ಅಂದರೆ ಪೆಡಲ್ ಬಿಟ್ಟಾಗಿನ ಎಂಜಿನ್ ವೇಗ, ಮಾತ್ರ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿ ಮೈನಸ್‌ಗೆ ಹಿಡಿದು ಸಿಗ್ನಲ್ ನೋಡಿದೆ. ಮುಚ್ಚಿದಾಗ 0.86. ಇರಬೇಕಾದದ್ದು 0.5 ಆಸುಪಾಸು. ಸ್ಕ್ರೂ ಸಡಿಲಿಸಿ ಸೆನ್ಸರ್ ತಿರುಗಿಸಿದೆ, 0.5 ಬಂತು. ಆಗ ಪೂರ್ತಿ ತೆರೆದರೆ 4.2 ಕೂಡ ದಾಟಲಿಲ್ಲ. ಮತ್ತೆ ತಿರುಗಿಸಿದೆ. ಮೇಲಿನದು 4.54ಕ್ಕೆ ಬಂತು, ಕೆಳಗಿನದು ಮತ್ತೆ 0.86. ಎರಡು ಸಂಜೆ ಇದೇ ಆಟ.

ಮೂರನೇ ಸಂಜೆ ತಲೆಗೆ ಹೊಳೆಯಿತು. ಸೆನ್ಸರ್ ಓರೆಯಾಗಿ ಕೂತಿದ್ದರೆ ಎರಡೂ ತುದಿ ಒಟ್ಟಿಗೆ ಸರಿಯಬೇಕು, ಅಲ್ವಾ? ಇಲ್ಲಿ ಮೇಲಿನ ತುದಿ ಸರಿಯಾಗಿದೆ, ಕೆಳಗಿನದು ಮಾತ್ರ ಎದ್ದಿದೆ. ಅಂದರೆ ನೆಲವೇ, ಗ್ರೌಂಡೇ, ಎದ್ದಿದೆ! ಗುಂಡುಸೂಜಿಯನ್ನು ಕನೆಕ್ಟರ್ ಹಿಂದಿನಿಂದ ಗ್ರೌಂಡ್ ಟರ್ಮಿನಲ್‌ಗೆ ತಾಗಿಸಿ ಬ್ಯಾಟರಿ ಮೈನಸ್ ಜೊತೆ ಅಳೆದೆ. 0.40 ವೋಲ್ಟ್. ಸೊನ್ನೆಗೆ ಹತ್ತಿರ ಇರಬೇಕಾದ ಜಾಗ ಅದು. ಸೆನ್ಸರ್ ಒಳಗಿನ ಕಾರ್ಬನ್ ಪಟ್ಟಿ (ಟ್ರ್ಯಾಕ್) 5 ಕಿಲೋ ಓಮ್, ಹರಿಯುವುದು 1 ಮಿಲಿಆಂಪ್‌ಗೂ ಕಮ್ಮಿ. ಅಷ್ಟು ಸಣ್ಣ ಕರೆಂಟಿಗೆ 0.4 ಬೀಳಬೇಕಾದರೆ ದಾರಿಯಲ್ಲಿ 400 ಓಮ್‌ಗಿಂತ ಜಾಸ್ತಿ ಅಡ್ಡ ಇದೆ.

ರಬ್ಬರ್ ಬೂಟ್ ಹಿಂದೆ ಸರಿಸಿದೆ. ಹೊರಗಿನಿಂದ ವೈರ್ ಚೆನ್ನಾಗೇ ಇತ್ತು. ಟರ್ಮಿನಲ್ ವೈರನ್ನು ಒತ್ತಿ ಹಿಡಿಯುವ ಕ್ರಿಂಪ್ ಹತ್ತಿರ ಸುಮ್ನೆ ಬೆರಳಲ್ಲಿ ಎಳೆದೆ. ಕೈಗೇ ಬಂತು. ಒಳಗೆ ತಾಮ್ರದ ಎಳೆಗಳೇ ಇಲ್ಲ, ಹಸಿರು ಪುಡಿ. ಉದುರಿ ಬಿದ್ದಿತು. ಇಷ್ಟು ದಿನ ಗ್ರೌಂಡ್ ಆಗಿದ್ದದ್ದು ಆ ಪುಡಿ. ಎಂಜಿನ್ ಅಲುಗಿದಂತೆಲ್ಲ ಅದೂ ಮನಸ್ಸು ಬದಲಿಸುತ್ತಿತ್ತು.

ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ, ತುಂಡು ಸೇರಿಸಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿದೆ. ಮೇಲೆ ಒಳಗೆ ಅಂಟಿರುವ ಹೀಟ್‌ಶ್ರಿಂಕ್, ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ. ಈಗ ಗ್ರೌಂಡಿನಲ್ಲಿ 8 ಮಿಲಿವೋಲ್ಟ್. ಮುಚ್ಚಿದಾಗ 0.50, ತೆರೆದಾಗ 4.5. ಬಿಕ್ಕಳಿಕೆ ಇಲ್ಲ.

ಹಾಗಾದರೆ ಹಳೆ ಸೆನ್ಸರ್ ನಿರಪರಾಧಿಯೇ ಎಂದು ಅನುಮಾನ ಬಂದು ಅದನ್ನು ಒಡೆದೆ. ಇಲ್ಲ, ಅದೂ ಕಳ್ಳನೇ. ಕಾಲು ಅರ್ಧಂಬರ್ಧ ಒತ್ತಿದಾಗ ನಿಲ್ಲುವ ಜಾಗದಲ್ಲಿ ಕಪ್ಪು ಕಾರ್ಬನ್ ಸವೆದು ಉಗುರಿಗೆ ಸಿಗುವಷ್ಟು ಗೀರು. ಉಳಿದದ್ದು ಹೊಸದರಂತೆ. ಎರಡು ರೋಗ, ಒಂದೇ ಲಕ್ಷಣ.

ಇದರ ಮಧ್ಯೆ ಇನ್ನೊಂದು ಹುಚ್ಚು ಹತ್ತಿದೆ. ಆರ್ಡುಯಿನೋ ಎಂಬ ಪುಟ್ಟ ಪ್ರೋಗ್ರಾಂ ಬೋರ್ಡಿನಲ್ಲಿ ವೋಲ್ಟೇಜ್ ದಾಖಲಿಸುವ ಸಣ್ಣ ಲಾಗರ್ ಮಾಡಬೇಕು. 10 ಬಿಟ್, ಅಂದರೆ 5 ವೋಲ್ಟ್‌ಗೆ 1024 ಮೆಟ್ಟಿಲು, ಒಂದೊಂದು ಸುಮಾರು 4.9 ಮಿಲಿವೋಲ್ಟ್. ಕಾರು ಓಡುವಾಗಲೇ ಇಂಥ ಗುಂಡಿ ಹಿಡಿಯಲು ಅಷ್ಟು ಸಾಕು. ಪರೀಕ್ಷೆಗೆ ಆ ತಲೆಕೆಳಗಾದ ಸೆನ್ಸರ್ ಇದ್ದೇ ಇದೆ.

ಬಾನೆಟ್ ಮುಚ್ಚುವ ಮುಂಚೆ ಪಕ್ಕದ ಕೂಲೆಂಟ್ ಸೆನ್ಸರಿನ ಬೂಟನ್ನೂ ಸರಿಸಿ ನೋಡಿದೆ. ಅಲ್ಲೂ ಹಸಿರು. ಮೆಲ್ಲಗೆ ವಾಪಸ್ ಮುಚ್ಚಿ ಒಳಗೆ ಬಂದೆ.